ಹಳೆಯದಕ್ಕೆ ಇಳಿಸುವ ಬುಧವಾರ

ಚನ್ನರಾಯಪಟ್ಟಣದಿಂದ ಬರುವ ಬೆಳಗಿನ ಬಸ್ಸಿನಲ್ಲಿ ಪ್ರತಿ ಬುಧವಾರ ನನಗೊಂದು ಸ್ಟೀಲ್ ಡಬ್ಬಿ ಬರುತ್ತಿತ್ತು. ಕಂಡಕ್ಟರ್ ಬಸವರಾಜು ಅದನ್ನು ತನ್ನ ಟವಲಿನಲ್ಲಿ ಸುತ್ತಿ, ಎಂಜಿನ್ನಿನ ಬಿಸಿ ತಾಗದ ಹಾಗೆ ಹಿಂದಿನ ಸೀಟಿನ ಕೆಳಗಿಟ್ಟು ತರುತ್ತಿದ್ದ. ಬಿಸಿ ತಾಗಿದರೆ ಒಳಗಿರುವುದು ಹಾಳಾಗುತ್ತದೆ ಎಂದು ಯಾರೋ ಒಮ್ಮೆ ಹೇಳಿದ್ದರಂತೆ. ಹೇಳಿದವರು ಮರೆತಿರಬಹುದು, ಅವನು ಮರೆಯಲಿಲ್ಲ.

“ತಕಳಿ ಮೇಡಂ, ನಿಮ್ ಕೂಸು,” ಎಂದು ಕೊಡುತ್ತಿದ್ದ. “ದಾರಿ ಉದ್ದಕ್ಕೂ ಒಂದ್ ಸಲಾನೂ ಅಳ್ನಿಲ್ಲ.”

ಡಬ್ಬಿಯೊಳಗೆ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಫ್ಲಾಪಿ ಇರುತ್ತಿತ್ತು. ಫ್ಲಾಪಿಯ ಜೊತೆಗೆ ತಿನ್ನಲು ಏನಾದರೂ.

ಅಂಧ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕಗಳನ್ನು ಕ್ಯಾಸೆಟ್ಟಿನಲ್ಲಿ ಓದಿ ಕೊಡುವ ಸಣ್ಣ ಬಳಗ ನಮ್ಮದು. ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು, ಹೀಗೆ ನಾಲ್ಕು ಊರುಗಳಲ್ಲಿ ನಾಲ್ಕು ಕೋಣೆಗಳು, ಕೋಣೆಗೊಂದು ಕಂಪ್ಯೂಟರು. ನಾನು ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳುತ್ತಿದ್ದವಳು. ಸಂಜೆ ಮನೆಯಲ್ಲಿ ಕೂತು ಅದೇ ಪಾಠಗಳನ್ನು ಟೇಪ್ ರೆಕಾರ್ಡರಿಗೆ ಓದುತ್ತಿದ್ದೆ. ನಿವೃತ್ತಿಯಾದ ಮೇಲೆ ಹೊಳೆನರಸೀಪುರದ ಕೋಣೆಯನ್ನೂ ನೋಡಿಕೊಳ್ಳತೊಡಗಿದೆ.

ಯಾವ ಪಾಠದ ಕ್ಯಾಸೆಟ್ಟು ಯಾವ ಊರಿನಲ್ಲಿದೆ, ಯಾರು ಒಯ್ದಿದ್ದಾರೆ, ಸವೆದಿದೆಯೋ ಚೆನ್ನಾಗಿದೆಯೋ ಎಂಬುದೆಲ್ಲ ಒಂದೇ ಫೈಲಿನಲ್ಲಿತ್ತು. ನಾಲ್ಕು ಊರಿಗೂ ಅದೊಂದೇ ಫೈಲು. ಸೋಮವಾರ ಹಾಸನದಿಂದ ಹೊರಟು ಚನ್ನರಾಯಪಟ್ಟಣಕ್ಕೆ, ಬುಧವಾರ ನನ್ನಲ್ಲಿಗೆ, ಗುರುವಾರ ಅರಕಲಗೂಡಿಗೆ, ಶುಕ್ರವಾರ ಮತ್ತೆ ಹಾಸನಕ್ಕೆ. ಡಬ್ಬಿ ಯಾರ ಕೈಯಲ್ಲಿದೆಯೋ ಅವರು ಮಾತ್ರ ಅದರಲ್ಲಿ ಬರೆಯಬೇಕು, ಉಳಿದವರು ಕಾಯಬೇಕು. ಇಷ್ಟೇ ನಮ್ಮ ನಿಯಮ.

ತಿಂಡಿಯ ವಿಷಯ ನಿಯಮವಲ್ಲ. ಡಬ್ಬಿಯ ವ್ಯವಸ್ಥೆ ಶುರುವಾದ ಮೊದಲ ವಾರ ನಾನು ಅದನ್ನು ಅರಕಲಗೂಡಿಗೆ ಕಳಿಸಲು ಹೊರಟಾಗ ನನ್ನ ಅಕ್ಕ ಸರಸ ಬಾಗಿಲಲ್ಲಿ ತಡೆದಳು. “ಇನ್ನೊಬ್ಬರ ಮನೆ ಪಾತ್ರೇನ ಬರಿದಾಗಿ ಕಳಿಸ್ತಾರೇನೆ? ಓದಿದವಳು ನೀನು,” ಎಂದು ನಾಲ್ಕು ಕೋಡುಬಳೆ ಹಾಕಿದಳು. ಬರಿದಾಗಿಲ್ಲ, ಫ್ಲಾಪಿ ಇದೆ ಎಂದೆ. “ಅದನ್ನ ತಿನ್ನೋಕಾಗುತ್ತಾ?” ಎಂದಳು. ಅಂದಿನಿಂದ ನಾಲ್ಕು ಊರಿನವರೂ ಏನಾದರೂ ಹಾಕಿಯೇ ಕಳಿಸುತ್ತಿದ್ದರು.

ಸರಸ ಎರಡು ಸಾವಿರನೆಯ ಇಸವಿಯಲ್ಲಿ ತೀರಿಕೊಂಡಳು. ನಾವಿಬ್ಬರೂ ಮದುವೆಯಾಗದೆ ಒಂದೇ ಬಾಡಿಗೆ ಮನೆಯಲ್ಲಿ ಬಾಳಿದವರು. ಅವಳು ಹೋದ ಮೇಲೆ ವಾರದ ಏಳು ದಿನಗಳಲ್ಲಿ ನನಗೆ ಗುರುತು ಸಿಗುತ್ತಿದ್ದದ್ದು ಬುಧವಾರ ಒಂದೇ. ಉಳಿದ ದಿನಗಳು ಒಂದರ ಮೇಲೊಂದು ಮಡಿಸಿಟ್ಟ ಬಟ್ಟೆಯ ಹಾಗೆ ಇರುತ್ತಿದ್ದವು.

ಅರಕಲಗೂಡಿನ ಕೋಣೆ ನೋಡಿಕೊಳ್ಳುತ್ತಿದ್ದವನು ದೇವರಾಜು. ರಾಮನಾಥಪುರದ ಕಡೆಯ ಹಳ್ಳಿಯವನು, ಹುಟ್ಟುಕುರುಡ. ನಮ್ಮ ಬಳಗದ ಕ್ಯಾಸೆಟ್ಟು ಕೇಳಿಯೇ ಬಿ.ಎ. ಮುಗಿಸಿದವನು. ಅವನ ಕಂಪ್ಯೂಟರಿಗೆ ಮಾತಾಡುವ ಒಂದು ತಂತ್ರಾಂಶವನ್ನು ಯಾರೋ ದಾನವಾಗಿ ಕೊಟ್ಟಿದ್ದರು. ಪರದೆಯ ಮೇಲಿರುವುದನ್ನು ಅದು ಗಟ್ಟಿಯಾಗಿ ಓದುತ್ತಿತ್ತು. ಅವನು ಕೇಳಿಕೊಂಡು ಟೈಪ್ ಮಾಡುತ್ತಿದ್ದ. ನಾನು ಅವನನ್ನು ನೋಡಿರಲಿಲ್ಲ. ಹಾಸನದಲ್ಲಿ ವರ್ಷಕ್ಕೊಮ್ಮೆ ನಡೆಯುವ ಸಭೆಗೆ ಸರಸಳ ಕಾಯಿಲೆ ಶುರುವಾದಾಗಿನಿಂದ ನಾನು ಹೋಗಿರಲೂ ಇಲ್ಲ. ಅವನ ಪರಿಚಯವಾದದ್ದು ಫೈಲಿನೊಳಗೆ.

ಪ್ರತಿ ಕ್ಯಾಸೆಟ್ಟಿನ ಸಾಲಿನ ಕೊನೆಯಲ್ಲಿ ಷರಾ ಎಂಬ ಜಾಗವಿತ್ತು. ಅವನ ಯಂತ್ರಕ್ಕೆ ಕನ್ನಡ ಓದಲು ಬರದಿದ್ದರಿಂದ ಎಲ್ಲರೂ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದೆವು. ಒಮ್ಮೆ ನಾನು, “ಎರಡನೆಯ ಬದಿಯ ಕೊನೆಯಲ್ಲಿ ಟೇಪು ಗುಂಯ್ ಎನ್ನುತ್ತದೆ” ಎಂದು ಬರೆದೆ. ಮುಂದಿನ ಬುಧವಾರ ಅದರ ಕೆಳಗೆ ಅವನ ಸಾಲು ಇತ್ತು. “ಗುಂಯ್ ಅನ್ನೋದು ಟೇಪಲ್ಲ ಮೇಡಂ, ನಿಮ್ಮನೆ ಫ್ಯಾನು.” ಇನ್ನೊಮ್ಮೆ, “ನನ್ನ ಮಿಷನ್ನು ನಿಮ್ಮನ್ನ ಹ್ಯಾಮ್ಸಾ ಅಂತದೆ. ಅದರ ಪರವಾಗಿ ಕ್ಷಮೆ ಇರಲಿ.” ನನ್ನ ಹೆಸರು ಹಂಸ. ಒಂಟಿ ಮನೆಯಲ್ಲಿ ಹ್ಯಾಮ್ಸಾ, ಹ್ಯಾಮ್ಸಾ ಎಂದು ನಾನೇ ಎರಡು ಸಲ ಹೇಳಿ ನೋಡಿದೆ.

ಎರಡು ಸಾವಿರದ ಎರಡರ ದಸರೆಗೆ ದಾನಿಯೊಬ್ಬರು ಹಾಸನ, ಚನ್ನರಾಯಪಟ್ಟಣ ಮತ್ತು ನಮ್ಮೂರಿಗೆ ಹೊಸ ಕಂಪ್ಯೂಟರು ಕೊಡಿಸಿದರು. ಫೈಲು ತೆರೆಯುವ ತಂತ್ರಾಂಶ ನಮ್ಮ ಹಳೆಯ ಯಂತ್ರಗಳಲ್ಲಿ ಇದ್ದದ್ದು ತೊಂಬತ್ತೇಳರ ಆವೃತ್ತಿ, ಇವುಗಳಲ್ಲಿ ಎರಡು ಸಾವಿರದ್ದು. ಅರಕಲಗೂಡಿಗೆ ಮಾತ್ರ ಬರಲಿಲ್ಲ. ದೇವರಾಜುವಿನ ಮಾತಾಡುವ ತಂತ್ರಾಂಶ ಹಳೆಯದರ ಜೊತೆ ಮಾತ್ರ ಹೊಂದುತ್ತಿತ್ತು, ಹೊಸದಕ್ಕೆ ಹಾಕಿದರೆ ಮೂಕವಾಗುತ್ತಿತ್ತು.

ಆ ವಾರ ಡಬ್ಬಿ ಎಂದಿನಂತೆ ಬಂತು. ಒಳಗೆ ಹಬ್ಬದ ಒಬ್ಬಟ್ಟು. ನನ್ನ ಹೊಸ ಕಂಪ್ಯೂಟರಿನಲ್ಲಿ ಫೈಲು ತಕರಾರಿಲ್ಲದೆ ತೆರೆಯಿತು. ನನ್ನ ಪಾಲಿನದು ಬರೆದು, ಡಬ್ಬಿ ತುಂಬಿಸಿ ಕಳಿಸಿದೆ. ಗುರುವಾರ ಮಧ್ಯಾಹ್ನ ಮನೆಯ ಫೋನು ರಿಂಗಾಯಿತು.

“ಮೇಡಂ, ನಾನು ದೇವ್ರಾಜು, ಅರಕಲಗೂಡಿಂದ.” ಅವನ ಧ್ವನಿ ಕೇಳಿದ್ದು ಅದೇ ಮೊದಲು. ದಪ್ಪ ಧ್ವನಿ ಇರಬಹುದೆಂದುಕೊಂಡಿದ್ದೆ, ತೆಳುವಾಗಿತ್ತು. “ಫೈಲು ತೆಗೀತಾ ಇಲ್ಲ. ಗುರ್ತು ಸಿಗ್ನಿಲ್ಲ, ಗುರ್ತು ಸಿಗ್ನಿಲ್ಲ ಅಂತದೆ ಮಿಷನ್ನು. ಒತ್ತಾರೆಯಿಂದ ಅದೇ ಮಾತು. ನಾನೇನಾದ್ರೂ ತೆಪ್ ಮಾಡಿದ್ನಾ?”

ಅವನು ಏನೂ ಮಾಡಿರಲಿಲ್ಲ. ಚನ್ನರಾಯಪಟ್ಟಣದ ಯಮುನಾಗೆ ಫೋನ್ ಮಾಡಿದಾಗ ವಿಷಯ ತಿಳಿಯಿತು. ಆಯುಧಪೂಜೆಯ ದಿನ ಅವಳು ಹೊಸ ಕಂಪ್ಯೂಟರಿಗೆ ಕುಂಕುಮವಿಟ್ಟು, ಸೇವಂತಿಗೆ ಮುಡಿಸಿ, ಮೊದಲ ಕೆಲಸವೆಂದು ಈ ಫೈಲನ್ನೇ ತೆರೆದಿದ್ದಳು.

“ಮಂಗಳಾರತಿ ತಟ್ಟೆ ಇನ್ನೂ ಕೈಲೇ ಇತ್ತು ಮೇಡಂ. ಫೈಲನ್ನ ಹೊಸ ರೂಪಕ್ಕೆ ತರಲಾ, ಹಳೇದ್ರಲ್ಲೇ ಇರ್ಲಾ ಅಂತ ಕೇಳ್ತು. ಹೊಸಾ ಮಿಷನ್ನು ಆಡಿದ ಮೊದಲ್ನೇ ಮಾತು. ಹಬ್ಬದ ದಿನ ಹಳೇದೇ ಇರ್ಲಿ ಅಂತ ಹೆಂಗ್ ಹೇಳೋದು, ನೀವೇ ಹೇಳಿ.”

ನಾನಾದರೂ ಹೇಳುತ್ತಿರಲಿಲ್ಲ. ಹಾಸನದಲ್ಲಿ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದ ವಸಿಷ್ಠ ವಿವರಿಸಿದ. ಅವನು ಶಾಲೆಯಲ್ಲಿ ಗಣಿತದ ಮೇಷ್ಟ್ರು. ಭಾನುವಾರಗಳನ್ನೆಲ್ಲ ಈ ಕೆಲಸಕ್ಕೆ ಕೊಟ್ಟಿದ್ದ. “ಹೊಸದಕ್ಕೆ ಹಳೇದನ್ನ ಓದೋಕೆ ಬರುತ್ತೆ ಮೇಡಂ. ಹಳೇದಕ್ಕೆ ಹೊಸದನ್ನ ಓದೋಕೆ ಬರಲ್ಲ. ಹೇಗೂ ನಾನೇ ಬದಲಾಯಿಸಬೇಕು ಅಂತಿದ್ದೆ. ಸೀಡಿಗಳು ಬರ್ತಿವೆ, ಅವಕ್ಕೆ ಫೈಲಲ್ಲಿ ಹೊಸ ಜಾಗ ಮಾಡಬೇಕು, ಹೊಸ ಆವೃತ್ತಿಲಿ ಅದೆಲ್ಲ ಸುಲಭ. ಮೂರು ಊರು ಮುಂದೆ ಬಂದಿವೆ, ಒಂದು ಊರಿಗೋಸ್ಕರ ಹಿಂದಕ್ಕೆ ಹೋಗೋದು ಹೇಗೆ?”

“ದೇವರಾಜು?”

“ಫೋನಲ್ಲಿ ಹೇಳಲಿ. ನಾವಿಲ್ಲಿ ಟೈಪ್ ಮಾಡ್ಕೊತೀವಿ. ಅವನಿಗೂ ಕೆಲಸ ಕಮ್ಮಿ ಆಗುತ್ತೆ.”

ವಸಿಷ್ಠ ಕೆಟ್ಟವನಲ್ಲ. ಅವನಿಗೆ ನಿಜವಾಗಿಯೂ ಕೆಲಸ ಕಡಿಮೆಯಾಗುವುದು ಒಳ್ಳೆಯದೆಂದೇ ಅನ್ನಿಸಿತ್ತು. ಭಾನುವಾರವಿಲ್ಲದವರಿಗೆ ಹಾಗೆ ಅನ್ನಿಸುತ್ತದೆ.

ಮುಂದಿನ ಬುಧವಾರ ಡಬ್ಬಿ ಬಂದಾಗ ಅದನ್ನು ಮುಂದಕ್ಕೆ ಕಳಿಸಲು ನನಗೆ ಮನಸ್ಸಾಗಲಿಲ್ಲ. ಅವನ ಕೈಗೆ ತೆರೆಯದ ಫೈಲು ಒಳಗಿರುವಾಗ ಟವಲಿನಲ್ಲಿ ಸುತ್ತಿಸಿ ಕಳಿಸುವುದು ಹೇಗೆ? ಗುರುವಾರ ಬೆಳಿಗ್ಗೆ ನಾನೇ ಡಬ್ಬಿ ಹಿಡಿದು ಅರಕಲಗೂಡಿನ ಬಸ್ಸು ಹತ್ತಿದೆ. ಕಿಕ್ಕಿರಿದಿತ್ತು. ಕಿಟಕಿಯ ಪಕ್ಕ ಕೂತಿದ್ದ ಹೆಂಗಸೊಬ್ಬಳು ಮಗುವನ್ನು ತೊಡೆಗೇರಿಸಿಕೊಂಡು, “ಇಲ್ ಕುಂತ್ಕಳಿ ಅಮ್ಮಾರೆ, ಊಟದ ಡಬ್ಬಿ ಚೆಲ್ಲೀತು,” ಎಂದು ಜಾಗ ಕೊಟ್ಟಳು.

ಬಳಗದ ಕೋಣೆ ಅರಕಲಗೂಡಿನ ಬಸ್ ನಿಲ್ದಾಣದ ಬಳಿ ಒಂದು ಹೋಟೆಲಿನ ಪಕ್ಕದಲ್ಲಿತ್ತು. ನಾನು ಬಾಗಿಲಲ್ಲಿ ನಿಂತು, “ದೇವರಾಜು ಇದ್ದಾರಾ?” ಎಂದೆ. ಕುರ್ಚಿಯಲ್ಲಿದ್ದವನು ಎದ್ದು ನಿಂತ. ಮೂವತ್ತರ ಒಳಗಿನ ವಯಸ್ಸು, ಇಸ್ತ್ರಿ ಮಾಡಿದ ಅಂಗಿ.

“ಹಂಸಾ ಮೇಡಂ,” ಎಂದ. ಪ್ರಶ್ನೆಯಾಗಿ ಅಲ್ಲ. “ಕುಂತ್ಕಳಿ. ಎಡಗಡೆ ಕುರ್ಚಿ ಬ್ಯಾಡ, ಅದ್ರ ಕಾಲು ಮುರ್ದದೆ.”

ಅವನು ಫ್ಲಾಪಿ ಹಾಕಿ ನನಗೆ ಕೇಳಿಸಿದ. ಯಂತ್ರ ತನ್ನ ಮೂಗಿನ ಇಂಗ್ಲಿಷಿನಲ್ಲಿ ಗುರುತು ಸಿಗಲಿಲ್ಲ ಎಂದಿತು. ಅವನು ಮತ್ತೆ ಒತ್ತಿದ, ಮತ್ತೆ ಅದನ್ನೇ ಹೇಳಿತು. ನಾನು ವಸಿಷ್ಠನ ಮಾತನ್ನು ಹೇಳಿದೆ.

“ವಸಿಷ್ಠ ಸಾ ಯೋಳ್ತಿರೋದು ನ್ಯಾಯಾನೇ,” ಎಂದು ದೇವರಾಜು ಸ್ವಲ್ಪ ಹೊತ್ತು ಕೀಲಿಗಳ ಮೇಲೆ ಬೆರಳಾಡಿಸಿದ. “ಆದ್ರೆ ಮೇಡಂ, ನಾನು ಬಿಎ ವರ್ಗೂ ಎಲ್ಲಾ ಪರೀಕ್ಷೇನೂ ಯೋಳಿ ಬರ್ಸಿದ್ದೇಯ. ನಾನು ಒಂದ್ ಯೋಳಿದ್ರೆ ಬರ್ಯೋರು ಒಂದ್ ಬರ್ದ್‌ಬುಡೋರು. ಸರಿಯಾಗ್ ಬರ್ದ್ರಾ ಅಂತ ನಂಗೆ ಎಂಗ್ ಗೊತ್ತಾಗ್ಬೇಕು? ಈ ಮಿಷನ್ ಬಂದ್ ಮ್ಯಾಕೆ ನಾನ್ ಬರ್ದಿದ್ದ ನಾನೇ ಕೇಳ್ತೀನಿ. ಈಗ ಮತ್ತೆ ಫೋನಲ್ಲಿ ಯೋಳು ಅಂದ್ರೆ…” ನಕ್ಕ. “ಅಪ್ಪಾನೂ ಬ್ಯಾರೆ ಯೋಳ್ತು, ಇನ್ನು ಕೋಣೆಗ್ ಯಾಕ್ ಓಗ್ಬೇಕು ಅಂತ. ಮಾತಾಡೋ ಕೆಲ್ಸ ತಾನೆ, ಮನೇಲಿ ಹೊಗೆಸೊಪ್ಪಿನ್ ತಾವ ಕುಂತ್ಕಂಡು ಮಾತಾಡು ಅಂತು.”

ಹೋಟೆಲಿನವನು ಟೀ ತಂದ. ದೇವರಾಜುವಿನ ಲೋಟವನ್ನು ಅವನ ಬಲಗೈಯ ಬೆರಳಿಗೆ ಸೋಕುವ ಹಾಗೆ ಇಟ್ಟು ಹೋದ.

“ಇನ್ನೊಂದು ಐತೆ,” ಎಂದ ದೇವರಾಜು. “ನಿಮ್ದು ಹಳೇ ಕ್ಯಾಸೆಟ್‌ಗಳು ಇಲ್ಲೇ ಅವೆ. ಸಿಲಬಸ್ ಬದ್ಲಾಗಿ ಎಲ್ಡ್ ವರ್ಷ ಆಯ್ತು. ಬಳಕೇಲಿ ಇಲ್ದಿದ್ದ ಅಳ್ಸಿ ಹೊಸ ಪಾಠ ತುಂಬ್ಬೇಕು ಅಂತ ರೂಲ್ಸು. ನಾನು ಮಾತ್ರ ಅವ್ನ ಬಳಕೇಲಿ ಐತೆ, ಬಳಕೇಲಿ ಐತೆ ಅಂತ್ಲೇ ಫೈಲಲ್ಲಿ ಹಾಕ್ಕಂಡ್ ಬಂದೀವ್ನಿ.”

“ಯಾಕೆ?”

“ನಿಮ್ಗೆ ನೆಪ್ಪಿಲ್ವಾ? ಫ್ರಾನ್ಸಿನ ಕ್ರಾಂತಿ ಪಾಠ. ಜನ ಸೆರೆಮನೆ ಬಾಗ್ಲು ಒಡ್ಯೋ ಒತ್ನಲ್ಲಿ ಒಬ್ರು ಕೂಗ್ತಾರೆ. ಹಂಸಾ, ಸೊಪ್ಪಿನವಳು ಬಂದ್ಲು ಕಣೇ, ದಂಟೋ ಕೀರೆಯೋ? ಅಂತ. ನೀವು ಕೀರೆ ಅಂದ್‌ಬುಟ್ಟು ಮತ್ತೆ ಸೆರೆಮನೆಗೆ ಓಯ್ತೀರಿ.”

ಅವನು ಸರಸಳ ರಾಗವನ್ನೇ ಎಳೆದಿದ್ದ. ನಾನು ಟೀ ಲೋಟ ಕೆಳಗಿಟ್ಟೆ.

“ಆಸ್ಟೆಲಲ್ಲಿ ನಮ್ಗೆಲ್ಲಾ ಅದು ಬಾಯಿಪಾಠ. ಟೇಪ್ ಅಲ್ಲಿಗ್ ಬಂದೇಟ್ಗೆ ಎಲ್ರೂ ಕೀರೆ ಅಂತ ಕೂಗೋರು. ಒಬ್ಬ ಪರೀಕ್ಷೇಲಿ ಕ್ರಾಂತಿಗೆ ಕಾರಣ ಏನು ಅಂದ್ರೆ ಸೊಪ್ಪಿನ್ ಅಭಾವ ಅಂತ ಬರ್ಸ್‌ಬುಟ್ಟಿದ್ದ.” ನಗುತ್ತಿದ್ದವನು ನಿಲ್ಲಿಸಿದ. “ಆಮ್ಯಾಕಿನ್ ಟೇಪ್‌ಗಳಲ್ಲಿ ಅವ್ರು ಕೆಮ್ತಿದ್ರು. ದೂರದಲ್ಲಿ, ಬ್ಯಾರೆ ರೂಮಲ್ಲಿ. ಆಮ್ಯಾಲೆ ಅದೂ ಇಲ್ಲ. ಫ್ಯಾನ್ ಒಂದೇ. ನಾನು ಯಾರ್ನೂ ಕೇಳ್ನಿಲ್ಲ. ಅಳ್ಸ್‌ಬಾರ್ದು ಅನ್ನುಸ್ತು. ಫೈಲು ನನ್ ಕೈ ತಪ್ಪಿದ್ರೆ ಯಾರೋ ಒಬ್ರು ರೂಲ್ಸ್ ನೋಡಿ ಅಳುಸ್ತಾರೆ, ಅವರದು ತೆಪ್ಪಲ್ಲ.”

ಗೋಡೆಯ ಕಪಾಟಿಗೆ ಹೋಗಿ ಬೆರಳಿನಿಂದ ಎಣಿಸಿ ಒಂದು ಕ್ಯಾಸೆಟ್ಟು ತೆಗೆದ. ಪ್ಲೇಯರಿಗೆ ಹಾಕಿ, ಸ್ವಲ್ಪ ಮುಂದೆ ಓಡಿಸಿ, ಕಿವಿಗೊಟ್ಟು ನಿಲ್ಲಿಸಿದ. “ಇಲ್ಲೇ ಬತ್ತದೆ. ನಾನ್ ಓಟ್ಲಿಗೆ ಲೋಟ ಕೊಟ್ ಬತ್ತೀನಿ,” ಎಂದು ಎರಡು ಲೋಟ ಹಿಡಿದು ಹೊರಗೆ ಹೋದ. ನನ್ನ ಲೋಟದಲ್ಲಿ ಇನ್ನೂ ಟೀ ಇತ್ತು.

ಮೊದಲು ನನ್ನದೇ ಧ್ವನಿ, ಹತ್ತು ವರ್ಷ ಚಿಕ್ಕದು. ಆಮೇಲೆ ಅವಳದು. ಕ್ಯಾಸೆಟ್ಟುಗಳನ್ನು ನಾನು ಓದಿ ಕಳಿಸಿದೆನೇ ಹೊರತು ಎಂದೂ ಕೇಳಿಸಿಕೊಂಡಿರಲಿಲ್ಲ. ಮನೆಯಲ್ಲಿ ಅವಳ ಸೀರೆಗಳಿವೆ, ಕನ್ನಡಕವಿದೆ. ಧ್ವನಿ ಇಲ್ಲಿ, ನಾನು ಎಂದೂ ಕಾಲಿಡದ ಊರಿನ ಕಪಾಟಿನಲ್ಲಿ ಇತ್ತು. ನಾನು ಅದನ್ನು ಒಂದೇ ಸಲ ಕೇಳಿದೆ. ಹಿಂದಕ್ಕೆ ಓಡಿಸುವ ಗುಂಡಿ ಯಾವುದೆಂದು ಗೊತ್ತಿತ್ತು, ಒತ್ತಲಿಲ್ಲ. ದೇವರಾಜು ಬಹಳ ಹೊತ್ತು ಬಿಟ್ಟು ಬಂದ. ಬರುವಾಗ ಬೇಕೆಂದೇ ಕೋಲು ಗಟ್ಟಿಯಾಗಿ ಕುಟ್ಟಿಕೊಂಡು ಬಂದ.

ಊರಿಗೆ ಮರಳಿದವಳೇ ವಸಿಷ್ಠನಿಗೆ ಫೋನ್ ಮಾಡಿದೆ. “ಹೊಸದನ್ನ ಹಳೆಯದಕ್ಕೆ ಇಳಿಸೋ ದಾರಿ ಇಲ್ಲವೇನಪ್ಪಾ?”

“ಇದೆ ಮೇಡಂ. ಆದರೆ ಪ್ರತಿ ವಾರ ಅರಕಲಗೂಡಿಗೆ ಹೋಗೋ ಮುಂಚೆ ಇಳಿಸಬೇಕು, ಹಾಸನಕ್ಕೆ ಬಂದ ಮೇಲೆ ನಾನು ಮತ್ತೆ ಏರಿಸಬೇಕು. ಏರಿಸೋದು ಒಂದು ಗುಂಡಿ ಕೆಲಸ. ಇಳಿಸುವಾಗ ಕೆಲವು ಕಳಚಿಹೋಗುತ್ತೆ, ಒಂದೊಂದೇ ಸಾಲು ಸರಿಯಾಗಿದೆಯಾ ಅಂತ ನೋಡಬೇಕು. ಯಾರು ಮಾಡ್ತಾರೆ ಅದನ್ನ ವಾರವಾರ?”

“ಡಬ್ಬಿ ಅರಕಲಗೂಡಿಗೆ ಹೋಗೋದು ನನ್ನ ಕೈಯಿಂದ,” ಎಂದೆ.

“ಸರಿ, ನಾನೇ ಬರ್ತೀನಿ,” ಎಂದ. ಮುಂದಿನ ಭಾನುವಾರ ಹಾಸನದಿಂದ ಬಂದು ಕೂತು ಹೇಳಿಕೊಟ್ಟ. ನಾನು ಎರಡು ಸಲ ತಪ್ಪಿದೆ. ಮೂರನೆಯ ಸಲವೂ ಅವನು ಮೊದಲ ಸಲದ ದನಿಯಲ್ಲೇ ಹೇಳಿದ. ಒಳ್ಳೆಯ ಮೇಷ್ಟ್ರು ಇರಬೇಕು ಎಂದುಕೊಂಡೆ.

ಆ ಗುರುವಾರ ಫೈಲು ಅರಕಲಗೂಡಿನಲ್ಲಿ ತೆರೆಯಿತು. ಅದು ನನಗೆ ಗೊತ್ತಾದದ್ದು ಮರುವಾರದ ಡಬ್ಬಿಯಿಂದ. ಷರಾದಲ್ಲಿ, “ಗುರ್ತು ಸಿಕ್ತು” ಎಂಬ ಎರಡೇ ಮಾತು. ಫ್ಲಾಪಿಯ ಕೆಳಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಹಿಡಿ ಕೀರೆ ಸೊಪ್ಪು. ಹಾಸನ, ಚನ್ನರಾಯಪಟ್ಟಣ ಎರಡೂ ಕಡೆಯವರು ಅದನ್ನು ತೆಗೆಯದೆ, ಬಟ್ಟೆಯನ್ನು ಮಾತ್ರ ಮತ್ತೆ ಮತ್ತೆ ಒದ್ದೆ ಮಾಡಿ ಮುಂದಕ್ಕೆ ಕಳಿಸಿದ್ದರು. ಅಷ್ಟಾದರೂ ಸೊಪ್ಪು ಬಾಡಿತ್ತು. ಸಾರು ಮಾಡಿದೆ.

ಹೀಗೆ ನನ್ನ ಬುಧವಾರಗಳು ಮೊದಲಿಗಿಂತ ಉದ್ದವಾದವು. ಬೆಳಿಗ್ಗೆ ಇಳಿಸುವುದು, ಮಧ್ಯಾಹ್ನವೆಲ್ಲ ಸಾಲು ಸಾಲಾಗಿ ನೋಡುವುದು, ಕಳಚಿದ್ದನ್ನು ಕಟ್ಟುವುದು. ಆ ಕೆಲಸ ಯಾರಿಗೂ ಕಾಣುತ್ತಿರಲಿಲ್ಲ. ಸರಿಯಾಗಿ ಮಾಡಿದರೆ ಕಾಣಲೂಬಾರದು. ಪಕ್ಕದ ಮನೆಯ ನೀಲಗಂಗಮ್ಮ, “ಏನ್ ಮಾಡ್ತಿದೀರಿ ಇಷ್ಟೊತ್ತೂ?” ಎಂದು ಕೇಳಿದಾಗ, “ಇದ್ದದ್ದನ್ನ ಇದ್ದ ಹಾಗೆ ಮಾಡ್ತಿದೀನಿ,” ಎಂದೆ. ಆಕೆಗೆ ನನ್ನ ಬಗ್ಗೆ ಸ್ವಲ್ಪ ಚಿಂತೆಯಾಯಿತು. ಅಂದು ಸಂಜೆ ಹುಳಿ ಮಾಡಿ ತಂದುಕೊಟ್ಟಳು.

ವರ್ಷಗಳು ಹಾಗೇ ಹೋದವು. ಕ್ಯಾಸೆಟ್ಟು ಕಡಿಮೆಯಾಗಿ ಸೀಡಿಗಳು ಹೆಚ್ಚಿದವು. ನನ್ನ ಧ್ವನಿ ಒಡೆಯತೊಡಗಿ ಓದುವುದನ್ನು ಬಿಟ್ಟೆ, ಇಳಿಸುವುದನ್ನು ಬಿಡಲಿಲ್ಲ. ಎರಡು ಸಾವಿರದ ಏಳರಲ್ಲಿ ವಸಿಷ್ಠ ಫೋನ್ ಮಾಡಿದ. ಬರುವ ತಿಂಗಳಿನಿಂದ ಫೈಲು ಇಂಟರ್ನೆಟ್ಟಿನಲ್ಲಿ ಇರುತ್ತದೆ, ನಾಲ್ಕು ಊರಿನವರೂ ಒಟ್ಟಿಗೇ ನೋಡಬಹುದು, ಡಬ್ಬಿಗೆ ಇನ್ನು ಕೆಲಸವಿಲ್ಲ ಎಂದ.

“ದೇವರಾಜುಗೆ?” ಎಂದೆ.

“ಅವನಿಗೇನು ತೊಂದರೆ ಮೇಡಂ, ಮಾತಾಡೋದರ ಹೊಸ ಆವೃತ್ತಿ ಬಂದು ವರ್ಷದ ಮೇಲಾಯ್ತಲ್ಲ. ಎಲ್ಲಾ ಓದುತ್ತೆ, ಫೈಲೂ ಆಗಿನಿಂದ ಹೊಸ ರೂಪದಲ್ಲೇ ನನಗೆ ಬರ್ತಿದೆ. ನಿಮಗೆ ಹೇಳ್ತೀನಿ ಅಂದಿದ್ದ, ಹೇಳಲಿಲ್ವಾ?”

ಫೋನಿಟ್ಟು ಕೂತೆ. ವರ್ಷದ ಮೇಲೆ. ಅಷ್ಟೂ ಬುಧವಾರ ನಾನು ಇಳಿಸಿದ್ದೆ. ಅಷ್ಟೂ ಗುರುವಾರ ಅವನು, ಇಳಿಸುವ ಅಗತ್ಯವೇ ಇಲ್ಲದ ಫೈಲನ್ನು ತೆರೆದು, ತಾನೇ ಏರಿಸಿ ಹಾಸನಕ್ಕೆ ಕಳಿಸಿದ್ದ. ಅರಕಲಗೂಡಿಗೆ ಫೋನ್ ಮಾಡಿದೆ.

“ಯಾಕೆ ಹೇಳಲಿಲ್ಲ ದೇವರಾಜು?”

ಆ ಕಡೆ ಹೋಟೆಲಿನ ಲೋಟಗಳ ಸದ್ದು ಕೇಳುತ್ತಿತ್ತು. “ಯೋಳ್ಬೇಕು ಅಂತ ಪ್ರತಿ ವಾರಾನೂ ಷರಾ ತೆಗ್ದೆ ಮೇಡಂ. ಯೋಳಿದ್ರೆ ನೀವ್ ಬುಧ್ವಾರ ಏನ್ ಮಾಡ್ತಿದ್ರಿ?”

ನನಗೆ ಸ್ವಲ್ಪ ನೋವಾಯಿತು. ನಾನು ಅವನನ್ನು ಕಾಪಾಡುತ್ತಿದ್ದೇನೆ ಎಂದುಕೊಂಡ ಅಷ್ಟೂ ದಿನ, ಕಣ್ಣಿಲ್ಲದವನೊಬ್ಬ ನನ್ನ ಮನೆಯ ಖಾಲಿಯನ್ನು ಅಲ್ಲಿಂದಲೇ ಅಳೆದು ನೋಡಿದ್ದ. ಆಮೇಲೆ ಅನ್ನಿಸಿತು, ಅಳೆದು ಸುಮ್ಮನಾಗಿರಲಿಲ್ಲವಲ್ಲ.

“ಬ್ಯಾಸ್ರ ಆಯ್ತಾ ಮೇಡಂ?”

“ಸ್ವಲ್ಪ,” ಎಂದೆ. “ಆ ಕ್ಯಾಸೆಟ್ಟು?”

“ಬಳಕೇಲಿ ಐತೆ,” ಎಂದ.

ಕೊನೆಯ ಬುಧವಾರ ಫೈಲು ಬಂದಾಗ ನಾನು ಅದನ್ನು ಇಳಿಸಲಿಲ್ಲ. ನನ್ನ ಪಾಲಿನದು ಬರೆದು ಹಾಗೆಯೇ ಮುಚ್ಚಿದೆ. ಹನ್ನೊಂದು ಗಂಟೆಗೆಲ್ಲ ಕೆಲಸ ಮುಗಿದುಹೋಯಿತು. ಅಂದು ಮಧ್ಯಾಹ್ನ ಕೋಡುಬಳೆ ಕರಿದೆ. ಸರಸಳ ಹಾಗೆ ಬರಲಿಲ್ಲ, ಒಂದೆರಡು ಸೀದವು. ಚೆನ್ನಾಗಿದ್ದವನ್ನು ಆರಿಸಿ ಡಬ್ಬಿಗೆ ಹಾಕಿ, ಮೇಲೆ ಫ್ಲಾಪಿ ಇಟ್ಟು ಕಳಿಸಿದೆ.

ಮುಂದಿನ ಬುಧವಾರ ಅಭ್ಯಾಸಬಲದಿಂದ ನಿಲ್ದಾಣಕ್ಕೆ ಹೋದೆ. ಚನ್ನರಾಯಪಟ್ಟಣದ ಬಸ್ಸಿನಿಂದ ಬಸವರಾಜು ಬರಿಗೈಯಲ್ಲಿ ಇಳಿದ. “ಇವತ್ತು ಕೂಸಿಲ್ಲ ಮೇಡಂ,” ಎಂದು, ಏನು ಮಾಡಬೇಕೆಂದು ತಿಳಿಯದೆ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ. ಬಸ್ಸು ಹೊರಡುವವರೆಗೂ ನನ್ನ ಜೊತೆ ಮಳೆಯ ವಿಷಯ ಮಾತಾಡಿದ. ಅದರ ಮುಂದಿನ ವಾರ ನಾನು ಹೋಗಲಿಲ್ಲ.

ಎಷ್ಟೋ ದಿನ ಕಳೆದ ಮೇಲೆ, ಒಂದು ಶನಿವಾರ, ಅರಕಲಗೂಡಿನ ಬಸ್ಸಿನ ಕಂಡಕ್ಟರ್ ಒಬ್ಬ ಮನೆ ಹುಡುಕಿಕೊಂಡು ಬಂದ. ನನಗೆ ಪರಿಚಯವಿಲ್ಲದವನು. “ಇದ ಕೊಡೋಕೆ ಯೋಳ್ದ, ಓಟ್ಲ್ ಪಕ್ಕದ್ ದೇವ್ರಾಜು. ಪಾತ್ರೆ ಬರಿದಾಗಿ ಕಳ್ಸ್‌ಬಾರ್ದಂತೆ, ಸೊಪ್ಪು ಬರೋಗಂಟ ಕಾಯ್ದೆ ಅಂತ ಯೋಳು ಅಂದ.”

ಡಬ್ಬಿ ತುಂಬ ಕೀರೆ. ಅಂದೇ ಕಿತ್ತದ್ದು, ಬೇರಿಗೆ ಇನ್ನೂ ಮಣ್ಣು ಅಂಟಿತ್ತು. ಒಬ್ಬಳಿಗೆ ಹೆಚ್ಚಾಯಿತು. ಅರ್ಧ ನೀಲಗಂಗಮ್ಮನಿಗೆ ಕೊಟ್ಟೆ. ಡಬ್ಬಿಯನ್ನು ಹುಣಸೆಹಣ್ಣು ಹಾಕಿ ಬೆಳಗಿ, ಒಣಗಲೆಂದು ಅಡಿಗೆಮನೆಯ ಕಟ್ಟೆಯ ಮೇಲೆ ಮಗುಚಿಟ್ಟೆ. ಬುಧವಾರಕ್ಕೆ ಇನ್ನೂ ಸಮಯವಿತ್ತು. ಏನು ಹಾಕಿ ಕಳಿಸುವುದೆಂದು ಯೋಚಿಸುತ್ತ ಅಲ್ಲೇ ಕೂತೆ.